ಕಮ್ಯುನಿಟಿ ಕಾಲೇಜಿನ ಆಡಳಿತ: ಬೋಧನಾ ವಿಭಾಗವೋ, ವಿದ್ಯಾರ್ಥಿ ಸೇವೆಯೋ?

ಅಮೆರಿಕದ ಕಮ್ಯುನಿಟಿ ಕಾಲೇಜುಗಳಲ್ಲಿ (ಮುಖ್ಯವಾಗಿ ಎರಡು ವರ್ಷದ ಪದವಿ ಕೊಡುವ ಸ್ಥಳೀಯ ಕಾಲೇಜುಗಳು) ಆಡಳಿತಕ್ಕೆ ಬರುವ ಮಹಿಳೆಯರಿಗೆ ಮುಖ್ಯವಾಗಿ ಎರಡು ದಾರಿ: ಬೋಧನಾ ವಿಭಾಗ, ಇಲ್ಲವೇ ದಾಖಲಾತಿ, ಸಲಹೆಯಂಥ ಕೆಲಸಗಳ ವಿದ್ಯಾರ್ಥಿ ಸೇವೆ. ಗುರಿ ಕಾಲೇಜಿನ ಮುಖ್ಯಸ್ಥರಾದ ಅಧ್ಯಕ್ಷರ ಹುದ್ದೆಯಾದರೆ ಬೋಧನಾ ವಿಭಾಗವೇ ಮೇಲು: ಅಧ್ಯಾಪಕಿ, ವಿಭಾಗದ ಮುಖ್ಯಸ್ಥೆ, ಡೀನ್, ಬೋಧನಾ ಉಪಾಧ್ಯಕ್ಷೆ. ಆಯ್ಕೆ ಸಮಿತಿಗಳು ಹೆಚ್ಚಾಗಿ ಹುಡುಕುವುದು ಈ ಕೊನೆಯ ಹುದ್ದೆಯ ಅನುಭವವನ್ನೇ. ವೇಳಾಪಟ್ಟಿ, ಅರೆಕಾಲಿಕ ಅಧ್ಯಾಪಕರ ನೇಮಕ, ಕಾಲೇಜಿನ ಗುಣಮಟ್ಟಕ್ಕೆ ಮನ್ನಣೆ ಪಡೆಯಲು ಸಲ್ಲಿಸುವ ಮಾನ್ಯತಾ ವರದಿ, ಬಜೆಟ್ ಎಲ್ಲವೂ ಕೈಗೆ ಬರುತ್ತವೆ. ಟೆನ್ಯೂರ್ (ಅಧ್ಯಾಪಕ ಹುದ್ದೆಯ ಕಾಯಂ ಭದ್ರತೆ) ಇದ್ದವರಿಗೆ ಹಲವು ಕಡೆ ಅಧ್ಯಾಪನಕ್ಕೆ ಮರಳುವ ಹಕ್ಕೂ ಇರುತ್ತದೆ. ಒಪ್ಪಂದದಲ್ಲಿ ಅದನ್ನು ಬರೆಸಿಕೊಂಡೇ ಸಹಿ ಹಾಕಿ.

ವಿದ್ಯಾರ್ಥಿ ಸೇವೆಗೆ ಸ್ನಾತಕೋತ್ತರ ಪದವಿಯಿದ್ದರೆ ಸಲಹೆಗಾರ್ತಿಯಾಗಿ ಬೇಗ ಒಳಸೇರಬಹುದು. ದಾಖಲಾತಿಯ ವಾರಗಳಲ್ಲಿ ಮಾತ್ರ ಮನೆ ಸೇರುವುದು ತಡವೇ. ಅನೇಕರು ನಿರ್ದೇಶಕಿ ಹುದ್ದೆಯಲ್ಲೇ ನಿಂತುಬಿಡುವುದು ಕೆಲಸ ಬಾರದ್ದಕ್ಕಲ್ಲ. ಅನುದಾನದ ಹಣ ನೋಡಿಕೊಂಡಿರುತ್ತಾರೆ, ಕಾಲೇಜಿನ ಸಾಮಾನ್ಯ ಬಜೆಟ್ ಮುಟ್ಟಿರುವುದಿಲ್ಲ, ಪಾಠ ಮಾಡಿದ ಅನುಭವವೂ ಇರುವುದಿಲ್ಲ. ಸೆಮಿಸ್ಟರ್‌ಗೆ ಒಂದು ತರಗತಿ ತೆಗೆದುಕೊಳ್ಳಿ, ಮಾನ್ಯತಾ ಸಮಿತಿಗೆ ಸೇರಿ. ಈ ಕಡೆಯಿಂದ ಮೇಲೇರಿದವರೂ ಇದ್ದಾರೆ: ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಸಿಟಿ ಕಾಲೇಜಿನಲ್ಲಿ ಕಲಿಕಾ ತೊಂದರೆಯಿದ್ದ ವಿದ್ಯಾರ್ಥಿಗಳ ಕಾರ್ಯಕ್ರಮ ಕಟ್ಟಿದ ಮಾರ್ಥಾ ಕ್ಯಾಂಟರ್, ಮುಂದೆ ಬೋಧನೆ ಮತ್ತು ಸೇವೆ ಎರಡಕ್ಕೂ ಉಪಾಧ್ಯಕ್ಷೆಯಾಗಿ, 1993ರಲ್ಲಿ ಅದೇ ರಾಜ್ಯದ ಡಿ ಆಂಜಾ ಕಾಲೇಜಿನ ಅಧ್ಯಕ್ಷೆಯಾದರು.

ಉನ್ನತ ಹುದ್ದೆಗಳಿಗೆ ಯಾವ ದಾರಿಯಾದರೂ ಹೆಚ್ಚಾಗಿ ಡಾಕ್ಟರೇಟ್ ಕೇಳುತ್ತಾರೆ. ಕೆಲಸ ಮಾಡುತ್ತಲೇ ಮುಗಿಸಬಹುದಾದ ಇಡಿ.ಡಿ. (ಶಿಕ್ಷಣ ಕ್ಷೇತ್ರದ ಡಾಕ್ಟರೇಟ್) ಸಾಕು, ಪಿಎಚ್.ಡಿ.ಯೇ ಆಗಬೇಕೆಂದು ಕಾಯಬೇಡಿ.