"ಫುಲ್ ಕ್ಯಾಂಪರ್" ಬಾಂಗೋ ಕೊಳ್ಳುವವರೇ, ಮೊದಲು ಅಲಾರಂ ವೈರ್ ಎಲ್ಲಿಗೆ ಹೋಗಿದೆ ನೋಡಿ

ಇಂಗ್ಲೆಂಡಿನಲ್ಲಿ ಹಳೇ ಮಾಜ್ದಾ ಬಾಂಗೋ ಫ್ರೆಂಡೀ ಹುಡುಕುತ್ತಿರುವವರು ಇದನ್ನು ಓದಿ, ಆಮೇಲೆ ಡೆಪಾಸಿಟ್ ಕಟ್ಟಿ. "ಟರ್ಬೋ ಡೀಸೆಲ್, ಪ್ರೊಫೆಷನಲ್ ಸೈಡ್ ಕನ್ವರ್ಷನ್, ಕೂಲೆಂಟ್ ಅಲಾರಂ ಇದೆ, ಒಂದು ಪೈಸೆ ಖರ್ಚಿಲ್ಲ, ಕೀ ತಗೊಂಡು ಹೊರಡಿ" ಅಂತ ಜಾಹೀರಾತು ಕಂಡರಂತೂ ಎರಡು ಸಲ ಓದಿ. ಸೈಡ್ ಕನ್ವರ್ಷನ್ ಅಂದರೆ ಗಾಡಿಯ ಒಂದು ಬದಿಗೆ ಅಡುಗೆ ಕಪಾಟು ಕೂರಿಸಿ, ಮಲಗಿ ಉಳಿಯುವ ಕ್ಯಾಂಪರ್ ಮಾಡುವುದು. ಆ ಜಾಹೀರಾತು ನಂಬಿ ಕೊಂಡ ಗಾಡಿಯೊಂದರ ಕಥೆ ಇದು. ಅದರಲ್ಲಿ ಡೀಸೆಲ್ ಅನ್ನುವುದೊಂದು ನಿಜ. ಅಲಾರಂ ಕೂಡ ಇತ್ತು, ಸುಳ್ಳು ಹೇಳಬಾರದು. ಅದರ ಬಾಯಿ ಕಟ್ಟಿ ಕೂರಿಸಿದ್ದರು.

ಬಾಂಗೋ ಗೊತ್ತಿಲ್ಲದವರಿಗೆ ಎರಡು ಮಾತು. 1995ರಿಂದ 2005ರವರೆಗೆ ಜಪಾನಿನಲ್ಲಿ ತಯಾರಾದ ಎಂಟು ಸೀಟಿನ ಗಾಡಿ. ಫೋರ್ಡ್ ಫ್ರೀಡಾ ಅನ್ನುವುದೂ ಇದೇ, ಬ್ಯಾಡ್ಜ್ ಬೇರೆ ಅಷ್ಟೆ. ಬ್ರಿಟನ್ನಿಗೆ ಬಂದವೆಲ್ಲ ಅಲ್ಲಿ ಓಡಿಸಿ ಮಾರಿದವು. ಎಂಜಿನ್ ಮುಂದಿನ ಸೀಟುಗಳ ಅಡಿಯಲ್ಲಿ, ರೇಡಿಯೇಟರ್ ಮೂತಿಯಲ್ಲಿ, ಹಿಂದೆ ಕೂತವರಿಗೆ ಬೇರೆಯದೇ ಹೀಟರ್. ಹಾಗಾಗಿ ಕೂಲೆಂಟ್, ಅಂದರೆ ಎಂಜಿನ್ ತಣ್ಣಗಿಡುವ ನೀರು, ಗಾಡಿಯ ತಲೆಯಿಂದ ಬಾಲದವರೆಗೆ ಹೋಗಿ ಬರಬೇಕು. ಪೈಪು ಉದ್ದ, ಜಾಯಿಂಟು ಹೆಚ್ಚು, ಸೋರಲು ಜಾಗ ಹೆಚ್ಚು. 2.5 ಲೀಟರ್ ಡೀಸೆಲ್ ಎಂಜಿನ್ನಿನ ಹೆಡ್ (ಸಿಲಿಂಡರುಗಳ ಮೇಲೆ ಕೂರುವ ಮುಚ್ಚಳ) ಅಲ್ಯೂಮಿನಿಯಂ. ನೀರು ಇಳಿಯಿತೋ, ಹೆಡ್ ಬಿರುಕು ಬಿಟ್ಟಿತು. ಬಾಂಗೋ ಇಟ್ಟುಕೊಂಡವರಿಗೆಲ್ಲ ಗೊತ್ತಿರುವ ವಿಷಯ ಇದು. ಮಾರುವವನಿಗೆ ನಮಗಿಂತ ಚೆನ್ನಾಗಿ ಗೊತ್ತು.

ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಬಿಸಿ ತೋರಿಸುವ ಮುಳ್ಳನ್ನು ನಂಬಿ ಕೂರುವಂತಿಲ್ಲ. ಎಲ್ಲ ಸರಿ ಇದ್ದಾಗ ಅದು ಗಡಿಯಾರದ 11ರ ಹತ್ತಿರ ನಿಂತಿರುತ್ತದೆ. 12ರ ಕಡೆ ಜರುಗಿತು ಅಂದರೆ ಕೆಲಸ ಆಗಲೇ ಕೆಟ್ಟಿದೆ. ಸೆನ್ಸರಿನ ಸುತ್ತ ನೀರೇ ಇಲ್ಲದಿದ್ದರೆ ಮುಳ್ಳು ಏನೂ ಆಗಿಲ್ಲ ಎಂಬಂತೆ ಸುಮ್ಮನೆ ನಿಂತಿರುವುದೂ ಉಂಟು. ಅದಕ್ಕೇ ಈ ಗಾಡಿಗೆ ಎಲ್ಲರೂ ಹೊರಗಿನಿಂದ ತಂದು ಕೂಲೆಂಟ್ ಮಟ್ಟದ ಅಲಾರಂ ಹಾಕಿಸುವುದು.

ಆ ಜಾಹೀರಾತಿನ ಗಾಡಿಯಲ್ಲಿ ನಡೆದದ್ದು ಹೀಗೆ. ಅಡುಗೆ ಕಪಾಟು ಕೂರಿಸಲು ಜಾಗ ಬೇಕಾಗಿ ಹಿಂದಿನ ಹೀಟರ್ ಕಿತ್ತಿದ್ದಾರೆ. ಕಿತ್ತರೆ ತಪ್ಪೇನಿಲ್ಲ, ಕನ್ವರ್ಷನ್ ಮಾಡುವವರು ಬೇಕಾದಷ್ಟು ಜನ ಕೀಳುತ್ತಾರೆ. ಆದರೆ ಹೋಗುವ ಪೈಪು, ಬರುವ ಪೈಪು ಎರಡನ್ನೂ ಸರಿಯಾದ ಹೀಟರ್ ಹೋಸ್ ಹಾಕಿ ಒಂದಕ್ಕೊಂದು ಸೇರಿಸಬೇಕು, ಒಳ್ಳೆಯ ಕ್ಲಿಪ್ ಹಾಕಬೇಕು, ನಾಳೆ ಕೈ ಹಾಕಿ ನೋಡುವ ಹಾಗೆ ಬಿಡಬೇಕು. ಇವರು ಹಾಕಿದ್ದು ಮನೆಯ ನಲ್ಲಿ ಕೆಲಸಕ್ಕೆ ಬರುವ ಪ್ಲಾಸ್ಟಿಕ್ ಜಾಯಿಂಟು, ಎರಡು ಕಾಸಿನ ಕ್ಲಿಪ್ಪು. ಅದರ ಮೇಲೆ ಪ್ಲೈವುಡ್ ಅಂಟಿಸಿ, ಕಾರ್ಪೆಟ್ ಹೊದಿಸಿ, ಕಪಾಟು ನಿಲ್ಲಿಸಿಬಿಟ್ಟರು. ಒತ್ತಡದಲ್ಲಿ ಕುದಿಯುವ ಹತ್ತಿರದ ಬಿಸಿಯಲ್ಲಿ ಓಡುವ ಕೂಲೆಂಟಿಗೆ ಆ ಪ್ಲಾಸ್ಟಿಕ್ ಎಷ್ಟು ದಿನ ತಡೆದೀತು? ಹನಿಯತೊಡಗಿತು. ಹನಿ ನೆಲಕ್ಕೂ ಬೀಳಲಿಲ್ಲ, ಕಪಾಟಿನ ಕೆಳಗಿನ ಇನ್ಸುಲೇಷನ್ ಅಷ್ಟನ್ನೂ ಕುಡಿಯಿತು.

ಮಟ್ಟ ಇಳಿದಾಗ ಅಲಾರಂ ಕೂಗಿದೆ. ಕೂಗಬೇಕಾದದ್ದೇ. ಅದಕ್ಕೆ ಇವರು ಮಾಡಿದ ರಿಪೇರಿ ಏನು ಗೊತ್ತೇ? ಹೆಡರ್ ಟ್ಯಾಂಕಿನ (ಕೂಲೆಂಟ್ ತುಂಬುವ ಡಬ್ಬಿಯ) ಪ್ರೋಬಿಗೆ, ಅಂದರೆ ಮಟ್ಟ ಗಮನಿಸುವ ಕಡ್ಡಿಗೆ, ಹೋಗುವ ವೈರ್ ಬಿಚ್ಚಿ, ಬಾಡಿಯ ಬೋಲ್ಟೊಂದಕ್ಕೆ ಬಿಗಿದು, ಮೇಲೆ ಕಪ್ಪು ಟೇಪ್ ಸುತ್ತಿದ್ದಾರೆ. ಈ ಬಗೆಯ ಅಲಾರಂ ಸರಳ. ಟ್ಯಾಂಕಿನಲ್ಲಿ ಕೂಲೆಂಟ್ ಇದ್ದರೆ ಪ್ರೋಬಿನಿಂದ ಅರ್ತಿಗೆ (ಗಾಡಿಯ ಲೋಹದ ಬಾಡಿಗೆ) ಸಣ್ಣ ಕರೆಂಟ್ ಹರಿಯುತ್ತದೆ. ಇಳಿದರೆ ಹರಿವು ನಿಲ್ಲುತ್ತದೆ, ಬಜರ್ ಕೂಗುತ್ತದೆ. ವೈರನ್ನೇ ಅರ್ತ್ ಮಾಡಿಬಿಟ್ಟರೆ ಟ್ಯಾಂಕು ಒಣಗಿದ್ದರೂ ಅಲಾರಂ ಪಾಲಿಗೆ ಅದು ತುಂಬಿದ ಕೊಡ. ಆದರೆ ಕೀ ತಿರುಗಿಸಿದಾಗ ಬರುವ ಪರೀಕ್ಷೆಯ ಬೀಪ್ ಮಾತ್ರ ಎಂದಿನಂತೆ ಬರುತ್ತದೆ.

ಆ ಬೀಪನ್ನೇ ವ್ಯಾಪಾರಿ ಮಾರಿದ್ದು! ಗಾಡಿ ತೋರಿಸುವಾಗ ತಾನಾಗಿಯೇ ಕೀ ತಿರುಗಿಸಿದ. "ಕೇಳಿಸ್ತಾ? ಇದು ಹಾಕಿಸಿದ ಗಾಡಿಗೆ ಹೆಡ್ ಹೋಗೋ ಮಾತೇ ಇಲ್ಲ" ಅಂದ. ಇನ್ನೊಮ್ಮೆ ತಿರುಗಿಸಿದ, ಇನ್ನೊಮ್ಮೆ ಬೀಪ್. ಎಂಜಿನ್ ಆಗಲೇ ಬಿಸಿ ಇತ್ತು. "ನೀವು ಬರ್ತೀರಿ ಅಂತ ತೊಳೆದು ತಂದೆ" ಅಂದ. ಈಗ ನೆನೆದರೆ ಮೈ ಉರಿಯುತ್ತದೆ. ಟೇಪ್ ಸುತ್ತಿದ ಆ ವೈರ್ ಬಾನೆಟ್ ಎತ್ತಿದರೆ ಟ್ಯಾಂಕಿನ ಪಕ್ಕದಲ್ಲೇ, ಕಣ್ಣೆದುರಿಗೇ ಇತ್ತು.

ಮೆಕ್ಯಾನಿಕ್ ಕೈಗೆ ಹೋದಾಗ ಸಿಕ್ಕಿದ್ದು: ಹೆಡರ್ ಟ್ಯಾಂಕಿನ ತಳದಲ್ಲಿ ತಾಮ್ರದ ಬಣ್ಣದ ಪುಡಿ, ಅಂದರೆ ಸೋರಿಕೆ ಮುಚ್ಚುವ ರಾಸಾಯನಿಕ ಸುರಿದ ಗುರುತು. ರಾತ್ರಿಯಿಡೀ ನಿಂತು ತಣ್ಣಗಾದ ಗಾಡಿಯ ಮೇಲಿನ ಹೋಸ್ ಹಿಸುಕಿದರೆ ಕಲ್ಲಿನ ಹಾಗೆ ಗಟ್ಟಿ, ಮುಚ್ಚಳ ತಿರುವಿದರೆ ಬುಸ್ ಅಂತ ಗಾಳಿ. ತಣ್ಣಗಿರುವ ಎಂಜಿನ್ನಿನಲ್ಲಿ ಒತ್ತಡ ಇದ್ದರೆ ಅದು ಸಿಲಿಂಡರಿನಿಂದ ನುಗ್ಗಿದ ಹೊಗೆಯ ಒತ್ತಡ, ಬೇರೇನಲ್ಲ. ಕೂಲೆಂಟಿಗೆ ಹೊಗೆ ಸೇರಿದೆಯೇ ಎಂದು ತಿಳಿಯಲು ನೀಲಿ ದ್ರವದ ಪರೀಕ್ಷೆ ಮಾಡಿದರು, ಬಣ್ಣ ತಿರುಗಿತು. ಹೆಡ್ ಹೋಗಿದೆ.

ಮಾರಿದವನ ಉತ್ತರಗಳನ್ನು ಬರೆದ ಕ್ರಮದಲ್ಲೇ ಕೊಡುತ್ತೇನೆ, ನೋಡಿ.

ಮೊದಲು: "ಬ್ಲೀಡ್ ಮಾಡಿಸಿದ್ರಾ? ಬಾಂಗೋಗಳಲ್ಲಿ ಗಾಳಿ ಸಿಕ್ಕಿಕೊಳ್ಳುತ್ತೆ, ಅಷ್ಟೇ." ಬ್ಲೀಡ್ ಅಂದರೆ ಕೂಲೆಂಟ್ ಪೈಪಿನಲ್ಲಿ ಸಿಕ್ಕಿದ ಗಾಳಿ ಹೊರಹಾಕುವುದು. ಈ ಮಾತಿನಲ್ಲಿ ಅರ್ಧ ಸತ್ಯ ಇದೆ, ಅದಕ್ಕೇ ಜನ ಬಲೆಗೆ ಬೀಳುವುದು. ಕೂಲೆಂಟ್ ಸುರಿದು ಮುಚ್ಚಳ ಹಾಕಿದರೆ ಈ ಗಾಡಿಗೆ ಸಾಲದು. ಎಂಜಿನ್ ಹತ್ತಿರ ಇರುವ ಬ್ಲೀಡ್ ಪೈಪನ್ನು ಬಿಡಿಸಿ, ಮೇಲಕ್ಕೆ ನೆಟ್ಟಗೆ ಎತ್ತಿ ಹಿಡಿದು, ಅದಕ್ಕೆ ಫನಲ್ ಸಿಕ್ಕಿಸಿ, ಮುಂದಿನ ಹಿಂದಿನ ಹೀಟರ್ ಎರಡನ್ನೂ ಪೂರ್ತಿ ಬಿಸಿಗೆ ಇಟ್ಟು, ಥರ್ಮೋಸ್ಟಾಟ್ ತೆರೆಯುವವರೆಗೆ ಎಂಜಿನ್ ಓಡಿಸಿ, ಗುಳ್ಳೆ ನಿಲ್ಲುವ ತನಕ ತುಂಬುತ್ತಾ ಹೋಗಬೇಕು. ಆಮೇಲೆ ತಣ್ಣಗಾದ ಮೇಲೆ ಮಟ್ಟ ಮತ್ತೆ ನೋಡಬೇಕು. ಆದರೆ ಗುಳ್ಳೆ ನಿಲ್ಲುವುದೇ ಇಲ್ಲ ಅಂದರೆ? ಇಲ್ಲಿ ಆದದ್ದು ಅದೇ. ಸಿಕ್ಕಿಕೊಂಡ ಗಾಳಿ ಒಂದು ಸಲ ಹೊರಬಂದರೆ ಮುಗಿಯಿತು. ಮುಗಿಯದೆ ಬರುತ್ತಲೇ ಇದ್ದರೆ ಅದು ಸಿಲಿಂಡರಿನ ಗಾಳಿ.

ಆಮೇಲೆ: "ಕನ್ವರ್ಷನ್ ನಾನು ಮಾಡಿದ್ದಲ್ಲ, ಕೆಲಸದ ಹುಡುಗ ಮಾಡಿದ್ದು." ಜಾಹೀರಾತಿನಲ್ಲಿ "ನಮ್ಮದೇ ವರ್ಕ್‌ಶಾಪ್" ಅಂತ ಇತ್ತಲ್ಲ? ಅದಕ್ಕೆ ಉತ್ತರವಿಲ್ಲ.

ವೈರಿನ ಫೋಟೋ ಕಳಿಸಿದ ಮೇಲೆ: "ನಿಮ್ಮ ಮೆಕ್ಯಾನಿಕ್ಕೇ ಹಾಗೆ ಮಾಡಿರಬಹುದು." ಟೇಪಿನ ಮೇಲೆ ಬೆರಳು ದಪ್ಪ ಧೂಳು!

ಕೊನೆಗೆ: "ಇಪ್ಪತ್ತೈದು ವರ್ಷದ ಗಾಡಿ, ಇನ್ನೇನು ನಿರೀಕ್ಷೆ ಮಾಡ್ತೀರಿ, ಸೋಲ್ಡ್ ಆ್ಯಸ್ ಸೀನ್ ಅಂತ ರಸೀದಿಯಲ್ಲೇ ಇದೆ." ಅಂದರೆ ನೋಡಿದ ಸ್ಥಿತಿಯಲ್ಲೇ ಮಾರಿದ್ದು ಅಂತ. ಇದ್ದರೆ ಇರಲಿ. ವ್ಯಾಪಾರಿ ಮಾರಿದ ಗಾಡಿಗೆ ಆ ಬರಹದಿಂದ ಕಾನೂನಿನ ಕೈ ಕಟ್ಟುವುದಿಲ್ಲ. ಅದಕ್ಕೆ ಮುಂದೆ ಬರುತ್ತೇನೆ.

ಹಾಸಿಗೆಯ ಕಥೆ ಇದಕ್ಕಿಂತ ಭಯ ಹುಟ್ಟಿಸುವಂಥದ್ದು. ಮೂಲ ಸೀಟು ತೆಗೆದು ರಾಕ್ ಆ್ಯಂಡ್ ರೋಲ್ ಬೆಡ್ ಕೂರಿಸಿದ್ದಾರೆ: ಹಗಲು ಸೀಟು, ರಾತ್ರಿ ಹಾಸಿಗೆ. "ಇಬ್ಬರು ಬೆಲ್ಟ್ ಹಾಕಿ ಪ್ರಯಾಣ ಮಾಡಬಹುದು" ಅಂತ ಜಾಹೀರಾತು. ಮೆತ್ತೆ ಎತ್ತಿ ನೋಡಿದರೆ ಬೆಲ್ಟಿನ ಕೊಂಡಿ ಪ್ಲೈವುಡ್ ಪೆಟ್ಟಿಗೆಗೆ ಬಿಗಿದಿದೆ. ಪ್ಲೈವುಡ್ಡಿಗೆ! ಪೆಟ್ಟಿಗೆ ನೆಲಕ್ಕೆ ಬಿಗಿದಿರುವುದು ಸಣ್ಣ ಬೋಲ್ಟಿನಲ್ಲಿ, ಕೆಳಗೆ ಬರೀ ವಾಷರ್. ಡಿಕ್ಕಿಯಾದರೆ ಆ ತೆಳು ತಗಡಿನಿಂದ ವಾಷರ್ ಕಿತ್ತುಕೊಂಡು ಮೇಲೆ ಬರುತ್ತದೆ, ಕೂತವರ ಸಮೇತ. ಬೆಲ್ಟಿನ ಬೋಲ್ಟು 7/16 ಇಂಚಿನ, ಯುಎನ್ಎಫ್ ಅಳತೆಯ ತಿರುಪಿನದು, ಬಲವಾದ ಉಕ್ಕಿನದು ಇರಬೇಕು. ನೆಲದಡಿ ಬಲ ಹಂಚುವ ದಪ್ಪ ಉಕ್ಕಿನ ಸ್ಪ್ರೆಡರ್ ಪ್ಲೇಟ್ ಇರಬೇಕು. ಬೆಲ್ಟ್ ಕೊಂಡಿ ಸೀಟಿನ ಉಕ್ಕಿನ ಚೌಕಟ್ಟಿಗೋ ಗಾಡಿಯ ಮೂಲ ಕೊಂಡಿಗೋ ಇರಬೇಕು. ಎಳೆದು ಪರೀಕ್ಷೆ ಮಾಡಿದ ಸೀಟಾದರೆ ಎಂ1 ಅಂತ ಕಾಗದ ಕೊಡುತ್ತಾರೆ. ಕೇಳಿದ್ದಕ್ಕೆ ಉತ್ತರ: "ಎಂಓಟಿ ಪಾಸಾಗಿದೆಯಲ್ಲ ಸ್ವಾಮಿ." ಎಂಓಟಿ ಅಂದರೆ ಬ್ರಿಟನ್ನಿನಲ್ಲಿ ವರ್ಷಕ್ಕೊಮ್ಮೆ ಮಾಡಿಸುವ ಕಡ್ಡಾಯ ತಪಾಸಣೆ. ಎಂಓಟಿಯವರು ಬೆಲ್ಟನ್ನು ಕಣ್ಣಿಂದ, ಕೈಯಿಂದ ನೋಡುತ್ತಾರೆ, ಡಿಕ್ಕಿಯ ಬಲ ಹಾಕಿ ಎಳೆಯುವುದಿಲ್ಲ, ಮೆತ್ತೆ, ಪೆಟ್ಟಿಗೆ ಬಿಚ್ಚಿಯೂ ನೋಡುವುದಿಲ್ಲ. ಇದೂ ಅವನಿಗೆ ಗೊತ್ತು.

ಗ್ಯಾಸ್ ಬಗ್ಗೆ ಚುಟುಕಾಗಿ. ಸಿಲಿಂಡರ್ ಮರದ ಕಪಾಟಿನಲ್ಲಿ, ಒಲೆಯ ಕೆಳಗೇ, ನೆಲದಲ್ಲಿ ಒಂದು ತೂತೂ ಇಲ್ಲ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಕೆಳಗೆ ಕೂರುತ್ತದೆ, ಮಲಗಿದವರ ಮಟ್ಟದಲ್ಲಿ. ಒಳಭಾಗಕ್ಕೆ ಸೀಲ್ ಆದ ಪೆಟ್ಟಿಗೆ, ತಳದಿಂದ ನೇರ ಹೊರಗೆ ಹೋಗುವ ರಂಧ್ರ, ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಲ್ಲದ ಗಾಡಿಯಲ್ಲಿ ಒಲೆ ಹಚ್ಚಬೇಡಿ. ಲೀಶರ್ ಬ್ಯಾಟರಿಯ (ಒಳಗಿನ ದೀಪ ಮುಂತಾದವಕ್ಕಿರುವ ಬೇರೆ ಬ್ಯಾಟರಿಯ) ಕೇಬಲಿಗೆ ಬ್ಯಾಟರಿ ಹತ್ತಿರ ಫ್ಯೂಸ್ ಇರಲಿಲ್ಲ, ಹೊರಗಿನ ಕರೆಂಟ್ ಸಿಕ್ಕಿಸುವ 230 ವೋಲ್ಟ್ ಹುಕ್-ಅಪ್‌ಗೆ ಆರ್‌ಸಿಡಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಇರಲಿಲ್ಲ. ಎರಡೂ ಬೆಂಕಿಗೆ, ಶಾಕಿಗೆ ದಾರಿ. ಸಾಕು, ಬರೆದಷ್ಟೂ ಸಿಟ್ಟು ಬರುತ್ತದೆ.

ಇನ್ನೊಂದು ಮೂಗಿಗೆ ತುಪ್ಪ: "ವಿ5ಸಿಯಲ್ಲಿ ಮೋಟಾರ್ ಕ್ಯಾರವಾನ್ ಅಂತ ಬದಲಾಗುತ್ತೆ, ವಿಮೆ ಅರ್ಧಕ್ಕೆ ಇಳಿಯುತ್ತೆ, ಲಂಡನ್ನಿನಲ್ಲೂ ತೊಂದರೆ ಇಲ್ಲ." ವಿ5ಸಿ ಅಂದರೆ ಗಾಡಿಯ ನೋಂದಣಿ ಪತ್ರ. ಅದನ್ನು ಕೊಡುವ ಸರ್ಕಾರಿ ಇಲಾಖೆ ಡಿವಿಎಲ್ಎ ಈಗ ಒಳಗಿನ ಹಾಸಿಗೆ, ಒಲೆ ಮಾತ್ರ ನೋಡಿ ಒಪ್ಪುವುದಿಲ್ಲ, ಹೊರಗಿನಿಂದಲೂ ಕ್ಯಾರವಾನ್ ಅಂತ ಕಾಣಬೇಕು. ಪಕ್ಕದಲ್ಲಿ ಎರಡು ಕಿಟಕಿ, ಎರಡೂ ಬದಿಗೆ ಗ್ರಾಫಿಕ್ಸ್, ಆನಿಂಗ್ ಬಾರ್ (ಬಿಸಿಲುಪರದೆ ಕಟ್ಟುವ ಸರಳು), ಹೈ-ಟಾಪ್ ಚಾವಣಿ ಇಂಥವನ್ನು ಅವರು ನೋಡುತ್ತಾರೆ. ಏರಿ ಇಳಿಯುವ ಪಾಪ್-ಟಾಪ್ ಚಾವಣಿ ಹೈ-ಟಾಪ್ ಲೆಕ್ಕಕ್ಕೆ ಬರುವುದಿಲ್ಲ ಅಂತ ಅವರ ಮಾರ್ಗದರ್ಶಿಯಲ್ಲೇ ಇದೆ. ಬಾಂಗೋದ ಹೆಸರಾದ ಚಾವಣಿ ಯಾವುದು? ಅದೇ. ಇನ್ನು ಲಂಡನ್: 2023ರ ಆಗಸ್ಟ್ 29ರಿಂದ ಯೂಲೆಜ್, ಅಂದರೆ ಹೊಗೆ ಹೆಚ್ಚು ಬಿಡುವ ಗಾಡಿಗೆ ದಿನದ ಶುಲ್ಕ ಹಾಕುವ ವಲಯ, ಅಲ್ಲಿನ ಎಲ್ಲ ಬರೋಗಳಿಗೂ (ಆಡಳಿತ ವಿಭಾಗಗಳಿಗೂ) ಹರಡಿದೆ, ಡೀಸೆಲ್ ಆದರೆ ಯೂರೋ 6 ಹೊಗೆ ಮಾನದಂಡದ್ದು ಇರಬೇಕು. ಮೋಟಾರ್ ಕ್ಯಾರವಾನ್ ಅಂತ ಬರೆಸಿದರೂ ಈ ಎಂಜಿನ್ ದಾಟುವುದಿಲ್ಲ, ದಿನಕ್ಕೆ 12.50 ಪೌಂಡ್.

ಎಂಜಿನ್ನಿನ ಟೈಮಿಂಗ್ ಬೆಲ್ಟಿನಲ್ಲೂ ಆಟ. "ಒಂದು ಲಕ್ಷಕ್ಕೆ ಬದಲಿಸಿದರೆ ಸಾಕು, ಇನ್ನೂ 86 ಸಾವಿರ" ಅಂದ. ಒಂದು ಲಕ್ಷ ಅನ್ನುವುದು ಕಿಲೋಮೀಟರ್. ಬ್ರಿಟನ್ನಿಗೆ ಬಂದ ಮೇಲೆ ಮೀಟರನ್ನು ಮೈಲಿಗೆ ಬದಲಿಸಿರುತ್ತಾರೆ, 86 ಸಾವಿರ ಮೈಲಿ ಅಂದರೆ 1 ಲಕ್ಷ 38 ಸಾವಿರ ಕಿಲೋಮೀಟರ್. ಬೆಲ್ಟ್ 62 ಸಾವಿರ ಮೈಲಿಗೇ ಬದಲಾಗಬೇಕಿತ್ತು. ಬದಲಿಸಿದ ಬಿಲ್ಲು ತೋರಿಸದಿದ್ದರೆ ಬದಲಿಸಿಲ್ಲ ಅಂತಲೇ ಲೆಕ್ಕ. ಜಪಾನಿನ ಹರಾಜು ಹಾಳೆ (ಅಲ್ಲಿ ಮಾರುವಾಗ ಗಾಡಿಯ ಸ್ಥಿತಿ ಬರೆದ ಕಾಗದ) ಕೇಳಿದಾಗ ಅವನು ಕಳಿಸಿದ ಫೋಟೋದಲ್ಲಿ ಗ್ರೇಡ್ ಇರುವ ಮೂಲೆಯೇ ಕತ್ತರಿಸಿತ್ತು. ಅಲ್ಲಿ ಆರ್ ಅಥವಾ ಆರ್‌ಎ ಅಂತ ಇದ್ದರೆ ಅಪಘಾತವಾಗಿ ರಿಪೇರಿಯಾದ ಗಾಡಿ.

ನೋಡಲು ಹೋಗುವವರಿಗೆ: ಎಂಜಿನ್ ತಣ್ಣಗಿರಬೇಕು ಅಂತ ಮೊದಲೇ ಹೇಳಿ, ಬಿಸಿ ಇದ್ದರೆ ವಾಪಸ್ ಬನ್ನಿ. ಮೇಲಿನ ಹೋಸ್ ಹಿಸುಕಿ. ಕೀ ಆನ್ ಮಾಡಿಸಿ ಅಲಾರಂ ಪ್ರೋಬಿನ ವೈರ್ ಬಿಚ್ಚಿ, ಸ್ವಲ್ಪ ಕಾಯಿರಿ, ಕೂಗಲೇಬೇಕು. ಹಿಂದಿನ ಹೀಟರ್ ಇಲ್ಲದಿದ್ದರೆ ಪೈಪು ಎಲ್ಲಿ ಸೇರಿದೆ ತೋರಿಸು ಅನ್ನಿ, "ಕಪಾಟು ಬಿಚ್ಚಬೇಕಾಗುತ್ತೆ" ಅಂದರೆ ಅಲ್ಲಿಗೆ ಬಿಡಿ. ಹಿಂದಿನ ಚಕ್ರದ ಕಮಾನು, ಸಿಲ್ (ಬಾಗಿಲ ಕೆಳಗಿನ ತಗಡು) ಎರಡಕ್ಕೂ ಅಯಸ್ಕಾಂತ ಹಿಡಿದು ನೋಡಿ, ತಗಡಿನ ಬದಲು ಪುಟ್ಟಿ ಇದ್ದರೆ ಅಂಟುವುದಿಲ್ಲ. ಗಾಡಿಯ ಅಡಿಗೆ ಹೊಸದಾಗಿ ಬಳಿದ ಕಪ್ಪು ಅಂಡರ್‌ಸೀಲ್ ಕಂಡರೆ ಒಳಗೆ ತುಕ್ಕು ಇರಬಹುದು. ಎಂಓಟಿ ಇತಿಹಾಸ ಸರ್ಕಾರಿ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ.

ದುಡ್ಡಿನ ವಿಷಯ. 2015ರ ಗ್ರಾಹಕ ಹಕ್ಕುಗಳ ಕಾಯ್ದೆಯಲ್ಲಿ ವ್ಯಾಪಾರಿಯಿಂದ ಕೊಂಡ ದೋಷದ ಗಾಡಿಯನ್ನು 30 ದಿನದೊಳಗೆ ತಿರಸ್ಕರಿಸಿ ಪೂರ್ತಿ ಹಣ ಕೇಳಬಹುದು. ಅದು ಮೀರಿದರೆ ಆರು ತಿಂಗಳೊಳಗೆ ಮೊದಲು ಒಂದು ರಿಪೇರಿಗೆ ಅವಕಾಶ ಕೊಡಬೇಕು, ಆಮೇಲೂ ಸರಿಹೋಗದಿದ್ದರೆ ವಾಪಸ್. ಆಗ ಓಡಿಸಿದ್ದಕ್ಕೆ ಸ್ವಲ್ಪ ಮುರಿದುಕೊಳ್ಳುತ್ತಾರೆ. ಅದಕ್ಕೇ ಇವನು "ತಗೊಂಡು ಬನ್ನಿ ನೋಡೋಣ, ಮುಂದಿನ ವಾರ ಬನ್ನಿ" ಅಂತ ದಿನ ತಳ್ಳುತ್ತಾನೆ. ತಿರಸ್ಕರಿಸುತ್ತೇನೆ ಅನ್ನುವ ಪದ ಹಾಕಿ ಇಮೇಲ್ ಮಾಡಿ, ಫೋನಿನಲ್ಲಿ ಹೇಳಿದ್ದಕ್ಕೆ ಸಾಕ್ಷಿ ಇಲ್ಲ. ಕೊನೇ ಆಟ ಇದು: "ಅದು ಖಾಸಗಿ ಮಾರಾಟ, ಗಾಡಿ ನನ್ನ ತಮ್ಮನದು." ಖಾಸಗಿಯಾಗಿ ಮಾರಿದವನಿಗೆ ಈ 30 ದಿನದ ನಿಯಮ ಅಂಟುವುದಿಲ್ಲ, ಅದಕ್ಕೇ ಬಾಕಿ ಹಣವನ್ನು ಬೇರೆ ಹೆಸರಿನ ಖಾತೆಗೆ ಹಾಕಿಸಿಕೊಂಡದ್ದು! ರಸೀದಿಯಲ್ಲಿ ಯಾರ ಹೆಸರಿದೆ, ಹಣ ಯಾರಿಗೆ ಹೋಗುತ್ತಿದೆ, ಎರಡೂ ಒಂದೇ ಇರಬೇಕು. ಡೆಪಾಸಿಟ್ಟನ್ನಾದರೂ ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿ. ಗಾಡಿಯ ಬೆಲೆ 100 ಪೌಂಡ್ ಮೀರಿ 30,000 ಪೌಂಡ್ ಒಳಗಿದ್ದರೆ, ಒಂದು ಭಾಗ ಮಾತ್ರ ಕಾರ್ಡಿನಲ್ಲಿ ಹೋಗಿದ್ದರೂ 1974ರ ಸಾಲ ಕಾಯ್ದೆಯ 75ನೇ ಕಲಮಿನಡಿ ಪೂರ್ತಿ ಮೊತ್ತಕ್ಕೆ ಕಾರ್ಡ್ ಕಂಪನಿಯನ್ನೂ ಕೇಳಬಹುದು. ಈ ಪ್ರಕರಣದಲ್ಲಿ ಈಗ ನಡೆಯುತ್ತಿರುವುದು ಅದೇ ಜಗ್ಗಾಟ.

ಗಾಡಿ ಅವನ ಅಂಗಳಕ್ಕೆ ವಾಪಸ್ ಹೋಗಿದೆ, ಜಾಹೀರಾತು ಆಗಲೇ ಮತ್ತೆ ಏರಿದೆ. ಎರಡು ಬಣ್ಣದ ಗಾಡಿ, ಮೇಲೆ ಹಸಿರು, ಕೆಳಗೆ ಬೆಳ್ಳಿ. ಒಳಗೆ ಬೂದು ಕಪಾಟು, ಎಡ ಹಿಂದಿನ ಕಿಟಕಿಯ ಪರದೆ ಒಂದು ಅಡ್ಡ ಹರಿದಿದೆ. ಈ ಸಲ ಕೂಲೆಂಟ್ ಅಲಾರಂ "ಹೊಚ್ಚ ಹೊಸದು" ಅಂತ ಬರೆದಿದ್ದಾನೆ. ಪ್ಲಾಸ್ಟಿಕ್ ಜಾಯಿಂಟ್ ಬಲಗಡೆ ಕಪಾಟಿನ ಹಿಂದೆ, ಚಕ್ರದ ಕಮಾನಿನ ಮುಂದೆ ಇದೆ. ಕೆಳಗಿನ ಡ್ರಾಯರ್ ಪೂರ್ತಿ ಹೊರಗೆ ಎಳೆದು ಟಾರ್ಚ್ ಬಿಟ್ಟರೆ ಕಾಣುತ್ತದೆ.