ಹನ್ನೊಂದು ವರ್ಷದ ರೈಲು ಪ್ರಯಾಣ: ಐದಕ್ಕೆ ಮೂರು ಸ್ಟಾರ್, ಉಳಿದದ್ದು ಒಂದು ಕೊಕ್ಕೆ ಹಾಕಿದ ಮೇಲೆ

ವಾರಕ್ಕೆ ಎರಡು ಸಲ, ಪ್ರತಿ ಸಲ ಹತ್ತಿರಹತ್ತಿರ ಐದು ಗಂಟೆ. ತಿಂಗಳಿಗೊಮ್ಮೆ ಇಡೀ ರಾತ್ರಿ. ಹನ್ನೊಂದು ವರ್ಷದಿಂದ ಇದೇ ನನ್ನ ಓಡಾಟ. ಹೊಸ ಬೋಗಿ ಬಂದಾಗಲೆಲ್ಲ ಮೊದಲ ದಿನದ ವಿಮರ್ಶೆಗಳನ್ನು ತಪ್ಪದೆ ಓದುತ್ತೇನೆ. ಸೀಟು ಮೆತ್ತಗಿದೆ, ದೀಪ ಚೆಂದ ಇದೆ, ಬಾಗಿಲು ತಾನೇ ತೆರೆದುಕೊಳ್ಳುತ್ತದೆ. ಎಲ್ಲ ನಿಜವೇ. ಆದರೆ ಮೊದಲ ಅರ್ಧ ಗಂಟೆ ಯಾವ ಸೀಟಾದರೂ ಚೆನ್ನಾಗಿಯೇ ಇರುತ್ತದೆ. ಅದರ ಬಣ್ಣ ಬಯಲಾಗುವುದು ನಾಲ್ಕನೇ ಗಂಟೆಯಲ್ಲಿ.

ಮೆತ್ತಗಿದ್ದರೆ ಒಳ್ಳೆ ಸೀಟು ಅಂತ ನಾನೂ ಅಂದುಕೊಂಡಿದ್ದೆ. ಹಾಗೇನಿಲ್ಲ. ತೀರಾ ಮೆತ್ತಗಿನ ಫೋಮ್ ಎರಡು ಗಂಟೆಯಲ್ಲಿ ಅದುಮಿಕೊಂಡು, ಕೆಳಗಿನ ಗಟ್ಟಿ ಹಲಗೆ ಸೊಂಟಕ್ಕೆ ತಾಗತೊಡಗುತ್ತದೆ. ಸ್ವಲ್ಪ ಬಿಗಿಯಾಗಿದ್ದು, ತೊಡೆಗೆ ಮಂಡಿಯ ಹತ್ತಿರದವರೆಗೆ ಆಸರೆ ಕೊಡುವ ಸೀಟೇ ಕೊನೆಗೂ ಗೆಲ್ಲೋದು. ಇನ್ನು ಹಿಂದಕ್ಕೆ ವಾಲಿಸುವ ಸೀಟು. ಮುಂದಿನವರು ವಾಲಿಸಿದ ತಕ್ಷಣ ನನ್ನ ಮಂಡಿಗೆ ಜಾಗ ಇಲ್ಲ, ಅವರ ಸುಖ ನನ್ನ ಸಂಕಟ. ಬೆನ್ನು ಹಿಂದಕ್ಕೆ ಬೀಳುವ ಬದಲು ಕೂರುವ ಭಾಗವೇ ಮುಂದಕ್ಕೆ ಜಾರುವಂಥ ಸೀಟುಗಳೂ ಇವೆ. ಅದರಲ್ಲಿ ಜಾಗ ಕಳೆದುಕೊಳ್ಳುವುದು ವಾಲಿಸಿದವರೇ. ನ್ಯಾಯ ಅಲ್ವಾ?

ಈ ವಿಷಯದಲ್ಲಿ ಜಪಾನಿನವರ ಲೆಕ್ಕಾಚಾರ ನನಗೆ ಇಷ್ಟ. ಅಲ್ಲಿನ ಬುಲೆಟ್ ರೈಲು ಶಿಂಕಾನ್‌ಸೆನ್‌ನ ಎನ್700 ಮಾದರಿಯ ಸಾಮಾನ್ಯ ದರ್ಜೆಯಲ್ಲಿ ಮೂವರ ಸಾಲಿನ ನಡುವಿನ ಸೀಟು 460 ಮಿಲಿಮೀಟರ್ ಅಗಲ, ಅಕ್ಕಪಕ್ಕದವು 440. ಕೇವಲ ಎರಡು ಸೆಂಟಿಮೀಟರ್. ಆದರೆ ಎರಡೂ ಕಡೆ ಮೊಣಕೈ ಮಡಚಿಕೊಂಡು ಕೂತವರಿಗೆ ಅದರ ಬೆಲೆ ಗೊತ್ತು. ನಡುವಿನವರ ಪಾಡು ಏನು ಅಂತ ಯಾರೋ ಒಬ್ಬರು ಕೂತು ಯೋಚಿಸಿದ್ದಾರೆ. ಅಲ್ಲಿ ಇಡೀ ಸೀಟನ್ನೇ ತಿರುಗಿಸಿ ರೈಲು ಹೋಗುವ ದಿಕ್ಕಿಗೆ ಮುಖ ಮಾಡಬಹುದು. ಹಿಮ್ಮುಖ ಕೂತರೆ ತಲೆ ಸುತ್ತುವ ನನ್ನಂಥವರಿಗೆ ಇನ್ನೇನು ಬೇಕು!

ಪ್ಲಗ್ ಪಾಯಿಂಟ್ ಇಲ್ಲದ ಬೋಗಿ ಈಗ ಕಡಿಮೆ. ಇರುವುದು ಎಲ್ಲಿ ಅನ್ನೋದೇ ತಕರಾರು. ನನ್ನ ಮಾಮೂಲಿ ರೈಲಿನಲ್ಲಿ ಇಬ್ಬರಿಗೆ ಒಂದು, ಅದೂ ಕಾಲುಗಳ ನಡುವೆ, ಕೆಳಗೆ. ಪಕ್ಕದವರ ಮಂಡಿ ಸರಿಸಿ, ಕ್ಷಮಿಸಿ ಅಂತ ಹೇಳಿ, ಕತ್ತಲಲ್ಲಿ ತಡಕಾಡಬೇಕು. ಸಿಕ್ಕಿದ ಮೇಲೂ ಪಿನ್ ಸಡಿಲ. ರೈಲು ಒಮ್ಮೆ ಕುಲುಕಿದರೆ ಚಾರ್ಜರ್ ಜಾರಿ ಬಿದ್ದಿರುತ್ತದೆ, ನಮಗೆ ಗೊತ್ತಾಗುವುದು ಇಳಿಯುವಾಗ. ಎನ್700ದಲ್ಲಿ ಕಿಟಕಿ ಪಕ್ಕದವರಿಗೆ ಮತ್ತು ಕೆಲವೇ ಸೀಟುಗಳಿಗೆ ಇದ್ದ ಪ್ಲಗ್, 2020ರಲ್ಲಿ ಬಂದ ಎನ್700ಎಸ್‌ನಲ್ಲಿ ಪ್ರತಿ ಸೀಟಿಗೂ ಬಂತು. ಅದರ ಜೊತೆಗೆ ಫೋನ್ ಇಡಲು ಅಂಗೈ ಅಗಲದ ಒಂದು ಗೂಡು ಇದ್ದರೆ ಸಾಕು, ನನಗೆ ಟಿವಿ ಪರದೆ ಬೇಡ.

ಸಿಗ್ನಲ್ ಸಿಗದಿದ್ದರೆ ಎಲ್ಲರೂ ಬೈಯುವುದು ಮೊಬೈಲ್ ಕಂಪನಿಗೆ. ಎಷ್ಟೋ ಸಲ ತಪ್ಪು ಬೋಗಿಯದ್ದು. ಬಿಸಿಲು ತಡೆಯಲು ಕಿಟಕಿ ಗಾಜಿಗೆ ತೆಳುವಾದ ಲೋಹದ ಲೇಪ ಇರುತ್ತದೆ, ಸುತ್ತ ಲೋಹದ ಗೋಡೆ ಬೇರೆ. ಸಿಗ್ನಲ್ ಒಳಗೆ ಬರುವುದಾದರೂ ಹೇಗೆ? ಸೀಮೆನ್ಸ್ ಕಂಪನಿ ಆ ಲೇಪದ ಮೇಲೆ ಲೇಸರ್‌ನಿಂದ ಸಣ್ಣ ಗೆರೆಗಳನ್ನು ಕೊರೆದು, ಬಿಸಿಲು ತಡೆಯುತ್ತಲೇ ಸಿಗ್ನಲ್ ಬಿಡುವ ಗಾಜು ಮಾಡಿದೆ. ವೈಫೈಗಿಂತ ಮೊದಲು ನನಗೆ ಆ ಗಾಜು ಬೇಕು.

ಈಗ ಮುಖ್ಯ ವಿಷಯ. ಟಾಯ್ಲೆಟ್.

ಕ್ಲೀನ್ ಇರಬೇಕು ಅಂತ ಎಲ್ಲರೂ ಹೇಳುತ್ತಾರೆ, ಅದನ್ನು ಬಿಡಿ. ಒಳಗೆ ಹೋದವರ ಕೈಗಳನ್ನು ಲೆಕ್ಕ ಹಾಕಿ. ಭುಜದಲ್ಲಿ ಲ್ಯಾಪ್‌ಟಾಪ್ ಬ್ಯಾಗ್, ಒಬ್ಬರೇ ಬಂದಿದ್ದರೆ ಅದನ್ನು ಸೀಟಿನಲ್ಲಿ ಬಿಟ್ಟು ಬರೋ ಹಾಗಿಲ್ಲ. ನೆಲ ಒದ್ದೆ. ರೈಲು ತೂಗಾಡುತ್ತಿದೆ, ಒಂದು ಕೈ ಕಂಬಿಗೇ ಬೇಕು. ಬಾಗಿಲ ಹಿಂದೆ ಕೊಕ್ಕೆ ಹುಡುಕಿದರೆ ಎರಡು ಸ್ಕ್ರೂ ತೂತುಗಳು ಮಾತ್ರ, ಕೊಕ್ಕೆ ಯಾವ ಕಾಲದಲ್ಲೋ ಕಿತ್ತುಹೋಗಿದೆ. ಕೊನೆಗೆ ಬ್ಯಾಗಿನ ಪಟ್ಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ನಿಂತಿದ್ದೇನೆ. ನಲ್ಲಿಯೋ ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ನೀರು ಬಿಡುತ್ತದೆ. ಒಂದು ಕೈ ಒತ್ತಬೇಕು, ಒಂದೇ ಕೈ ತೊಳೆದುಕೊಳ್ಳಬೇಕು. ಒಂದು ಕೈ ತಾನೇ ಹೇಗೆ ತೊಳೆದುಕೊಳ್ಳುತ್ತದೆ ಅಂತ ಇದನ್ನು ಮಾಡಿದವರನ್ನು ಕೇಳಬೇಕು. ಮಗುವನ್ನು ಎತ್ತಿಕೊಂಡು ಹೋದವರ ಕಥೆ ನೀವೇ ಊಹಿಸಿ.

ಗಟ್ಟಿಯಾದ ಎರಡು ಕೊಕ್ಕೆ, ಒಂದು ಒಣ ಶೆಲ್ಫ್, ಕೈ ಒಡ್ಡಿದರೆ ಹರಿಯುವ ನಲ್ಲಿ. ಸುಮ್ನೆ ಹೇಳುತ್ತಿಲ್ಲ, ಇಷ್ಟಾದರೆ ಒಂದು ಸ್ಟಾರ್ ಜಾಸ್ತಿ ಕೊಡುತ್ತೇನೆ.

ರಾತ್ರಿ ಪ್ರಯಾಣದಲ್ಲಿ ಬರ್ತ್‌ನ ಉದ್ದಕ್ಕಿಂತ ನನ್ನನ್ನು ಕಾಡುವುದು ದೀಪ ಮತ್ತು ಚಳಿ. ಯಾರೋ ಒಬ್ಬರು ಇಳಿಯಲು ಎದ್ದರೆ ಎಲ್ಲರ ಕಣ್ಣಿಗೂ ಬೆಳಕು. ಎ.ಸಿ. ಗಾಳಿ ಮೇಲಿನ ಬರ್ತ್‌ನವರ ನೆತ್ತಿಗೆ ನೇರ ಹೊಡೆಯುತ್ತದೆ, ಕೆಳಗಿನವರು ಸೆಕೆ ಅನ್ನುತ್ತಾರೆ. ಆಸ್ಟ್ರಿಯಾದ ನೈಟ್‌ಜೆಟ್ ಅನ್ನುವ ರಾತ್ರಿ ರೈಲಿನಲ್ಲಿ 2023ರ ಕೊನೆಗೆ ಒಬ್ಬರಿಗೊಂದು ಪುಟ್ಟ ಕ್ಯಾಬಿನ್ ಬಂತು. ನಾನು ಹತ್ತಿಲ್ಲ, ವಿಡಿಯೋ ಮಾತ್ರ ನೋಡಿದ್ದು. ಇಕ್ಕಟ್ಟು ನಿಜ. ಆದರೆ ಬಾಗಿಲಿಗೆ ಬೀಗ, ಸ್ವಂತ ದೀಪ, ಶೂ ಮತ್ತು ಕೈಚೀಲ ಇಡಲು ಲಾಕರ್. ಬ್ಯಾಗನ್ನು ತಲೆದಿಂಬು ಮಾಡಿಕೊಂಡು ಮಲಗಿ ರೂಢಿಯಾದವರಿಗೆ ಆ ಲಾಕರ್ ನೋಡಿಯೇ ನಿದ್ದೆ ಬರುತ್ತದೆ.

ಲಗೇಜಿನ ಬಗ್ಗೆ ಒಂದೇ ಮಾತು. ಟೋಕಿಯೊ-ಒಸಾಕಾ ನಡುವಿನ ಟೊಕೈಡೊ ಶಿಂಕಾನ್‌ಸೆನ್‌ನಲ್ಲಿ 2020ರಿಂದ, ಉದ್ದ ಅಗಲ ಎತ್ತರ ಸೇರಿ 160 ಸೆಂಟಿಮೀಟರ್ ಮೀರಿದ ಪೆಟ್ಟಿಗೆ ಇದ್ದರೆ ಅದಕ್ಕೆ ಜಾಗವಿರುವ ಸೀಟನ್ನೇ ಬುಕ್ ಮಾಡಬೇಕು. ನಿಯಮ ಕಿರಿಕಿರಿ ಅನ್ನಿಸಬಹುದು, ಆದರೆ ಪೆಟ್ಟಿಗೆಗೂ ಒಂದು ಜಾಗ ಗ್ಯಾರಂಟಿ. ನಾನಂತೂ ಎಷ್ಟೋ ಸಲ ಪೆಟ್ಟಿಗೆಯನ್ನು ಕಾಲಡಿ ಇಟ್ಟುಕೊಂಡು ಐದು ಗಂಟೆ ಕೂತಿದ್ದೇನೆ.

ಇದೆಲ್ಲ ಬರುವವರೆಗೆ ನಿಮ್ಮ ಕೈಲಾಗುವುದು ಇಷ್ಟು. ಸೀಟು ಆರಿಸುವಾಗ ಬೋಗಿಯ ನಡುವಿನದ್ದು ಹಿಡಿಯಿರಿ. ಹೆಚ್ಚಿನ ಬೋಗಿಗಳಲ್ಲಿ ಚಕ್ರಗಳು ಎರಡು ತುದಿಗೆ ಇರುತ್ತವೆ, ಕುಲುಕಾಟ ಮತ್ತು ಸದ್ದು ಅಲ್ಲೇ ಜಾಸ್ತಿ. ಬಾಗಿಲು ಬಡಿಯುವುದೂ ಅಲ್ಲೇ.

ಮತ್ತೆ ಒಂದು ಎಸ್ ಆಕಾರದ ಕೊಕ್ಕೆ ಇಟ್ಟುಕೊಳ್ಳಿ. ನಾನು ಎರಡು ವರ್ಷದಿಂದ ಇಟ್ಟುಕೊಂಡಿದ್ದೇನೆ, ಟಾಯ್ಲೆಟ್ಟಿನ ಕಂಬಿಗೆ ಸಿಕ್ಕಿಸಿದರೆ ಬ್ಯಾಗ್ ನಿಲ್ಲುತ್ತದೆ. ಹೋದ ತಿಂಗಳು ಅಲ್ಲೇ ಮರೆತು ಬಂದೆ. ನೆನಪಾಗಿ ವಾಪಸ್ ಹೋದರೆ ಒಳಗಿನಿಂದ ಒಬ್ಬರು ಅಜ್ಜಿ ಬಂದರು. ಕೊಕ್ಕೆ ನನ್ನದು ಅಂದೆ. "ನಿಮ್ಮದಾ? ನಾನು ಇಳಿಯೋವರೆಗೂ ಅಲ್ಲೇ ಇರಲಿ ಬಿಡಿ" ಅಂದರು.