ಗಾಣದ ಎಣ್ಣೆಗೆ ಗಿರಾಕಿ ಎಲ್ಲಿಂದ? ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್, ಗೂಗಲ್ ನಕ್ಷೆ, ಸ್ವಂತ ವೆಬ್‌ಸೈಟ್

ತುಮಕೂರಿನಲ್ಲಿ ನಮ್ಮದೊಂದು ಮರದ ಗಾಣವಿದೆ. ಪಾವಗಡ, ಶಿರಾ ಕಡೆಯ ಕಡಲೆಬೀಜ, ತಿಪಟೂರಿನ ಕೊಬ್ಬರಿ, ಕಾಲಕ್ಕೆ ತಕ್ಕಂತೆ ಎಳ್ಳು, ಹುಚ್ಚೆಳ್ಳು. ಎಣ್ಣೆ ಜನರ ಅಡುಗೆಮನೆಗೆ, ಹಿಂಡಿ ಹಸುವಿನ ಬಾನಿಗೆ. ಈ ವ್ಯಾಪಾರಕ್ಕಾಗಿ ಸಾಮಾಜಿಕ ಜಾಲತಾಣ, ವಾಟ್ಸ್‌ಆ್ಯಪ್ ಬಿಸಿನೆಸ್, ಗೂಗಲ್ ನಕ್ಷೆ, ಆನ್‌ಲೈನ್ ಮಾರುಕಟ್ಟೆ, ಸ್ವಂತ ವೆಬ್‌ಸೈಟ್ ಎಲ್ಲವನ್ನೂ ಬಳಸಿ ನೋಡಿದ್ದೇವೆ. ಮಂಡಿಪೇಟೆಯ ಪರಿಚಿತ ವ್ಯಾಪಾರಿಗಳು ಸಿಕ್ಕಾಗಲೆಲ್ಲ ಒಂದೇ ಪ್ರಶ್ನೆ: "ಇನ್‌ಸ್ಟಾಗ್ರಾಂ ಇರುವಾಗ ವೆಬ್‌ಸೈಟ್ ಏಕೆ ಅಕ್ಕ, ದುಡ್ಡು ಹೆಚ್ಚಾಗಿದೆಯೇ?" ಹೆಚ್ಚಾಗಿಲ್ಲ. ಆದರೂ ಮಾಡಿಸಿದೆ, ಮತ್ತು ಈಗ ಕೇಳಿದರೆ ಮೊದಲು ನಕ್ಷೆ, ಆಮೇಲೆ ವೆಬ್‌ಸೈಟ್, ಇನ್‌ಸ್ಟಾಗ್ರಾಂ ಮೂರನೆಯದು ಎನ್ನುತ್ತೇನೆ. ನಮ್ಮ ಮನೆಯಲ್ಲೇ ಇದಕ್ಕೆ ಭಿನ್ನಮತವಿದೆ, ಅದಿರಲಿ.

ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಎರಡರ ಗುಣವನ್ನು ಮೊದಲು ಒಪ್ಪಿಕೊಳ್ಳಬೇಕು. ಗಾಣ ತಿರುಗುವುದನ್ನು ನೋಡುವುದೆಂದರೆ ಜನರಿಗೆ ಎಲ್ಲಿಲ್ಲದ ಖುಷಿ. ಒನಕೆ ಸುತ್ತುತ್ತಾ ಬೀಜ ನುರಿದು, ಮೊದಲು ಪುಡಿಯಾಗಿ, ಆಮೇಲೆ ಮುದ್ದೆಯಾಗಿ, ಒಮ್ಮೆಲೇ ಅಂಚಿನಲ್ಲಿ ಎಣ್ಣೆ ಒಸರುವ ಆ ಗಳಿಗೆಯನ್ನು ಮೊಬೈಲಿನಲ್ಲಿ ಹಿಡಿದು ಹಾಕಿದರೆ ಸಾಕು, ಸಾವಿರಾರು ಜನ ನೋಡುತ್ತಾರೆ. ಬೇರೆ ಯಾವ ದಾರಿಯಲ್ಲೂ ಪೈಸೆ ಖರ್ಚಿಲ್ಲದೆ ಇಷ್ಟು ಕಣ್ಣು ಬೀಳುವುದಿಲ್ಲ. ಆದರೆ ನೋಡಿದವರಲ್ಲಿ ಹೆಚ್ಚಿನವರು ಎಣ್ಣೆ ಬೇಕೆಂದು ಬಂದವರಲ್ಲ, ವಿಡಿಯೊ ಎದುರಿಗೆ ಬಂತೆಂದು ನೋಡಿದವರು. ಸಂತೆಯಲ್ಲಿ ನಿಂತು ಕೂಗಿದ ಹಾಗೆ: ಕೂಗು ನಿಂತ ಕೂಡಲೇ ಕಿವಿಗಳೂ ಮುಂದಿನ ಅಂಗಡಿಯತ್ತ ಹೋಗುತ್ತವೆ.

ಬೆಲೆಯ ವಿಷಯದಲ್ಲಂತೂ ಆ ಪುಟ ತಲೆನೋವು. ಹೊಸ ಕಡಲೆಕಾಯಿ ಮಾರುಕಟ್ಟೆಗೆ ಬಂದಾಗ ಬೀಜದ ದರ ಇಳಿಯುತ್ತದೆ, ಬೇಸಗೆಯ ಹೊತ್ತಿಗೆ ಏರುತ್ತದೆ, ಅದರ ಹಿಂದೆಯೇ ಎಣ್ಣೆಯ ದರವೂ. ಯಾವಾಗಲೋ ಹಾಕಿದ ಪೋಸ್ಟಿನ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿ "ನೀವೇ ಹಾಕಿದ ದರ ಇದು" ಎಂದು ವಾದಕ್ಕೆ ನಿಲ್ಲುವ ಗಿರಾಕಿಗೆ ಏನು ಹೇಳುವುದು? ಇನ್‌ಸ್ಟಾಗ್ರಾಂ ಖಾತೆಯಿಲ್ಲದ ಹಿರಿಯರು ಲಿಂಕ್ ಒತ್ತಿದರೆ ಒಳಗೆ ಬರಲು ಲಾಗಿನ್ ಕೇಳುತ್ತದೆ. ಅಲ್ಲಿಗೆ ಅವರು ಮೊಬೈಲ್ ಕೆಳಗಿಡುತ್ತಾರೆ.

ಇನ್ನು ಒಡೆತನದ ಪ್ರಶ್ನೆ. 2020ರ ಜೂನ್ ಕೊನೆಯಲ್ಲಿ ಕೇಂದ್ರ ಸರ್ಕಾರ 59 ಆ್ಯಪ್‌ಗಳನ್ನು ನಿಷೇಧಿಸಿದಾಗ ಅದರಲ್ಲಿ ಟಿಕ್‌ಟಾಕ್ ಕೂಡ ಇತ್ತು. ಅಲ್ಲಿ ಮಾತ್ರ ಹೆಸರು ಮಾಡಿದ್ದವರ ಅಭಿಮಾನಿಗಳ ಪಟ್ಟಿ ರಾತ್ರಿ ಬೆಳಗಾಗುವುದರಲ್ಲಿ ಕೈತಪ್ಪಿತು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್ ಮೂರೂ ಒಟ್ಟಿಗೆ ಸುಮಾರು ಆರು ಗಂಟೆ ನಿಂತುಹೋದವು. ಮೂರನ್ನೂ ಬಳಸುತ್ತಿದ್ದೇನೆ, ಒಂದು ಹೋದರೆ ಇನ್ನೊಂದಿದೆ ಎಂದು ನೆಮ್ಮದಿಯಿಂದಿದ್ದವರಿಗೆ ಮೂರರ ಯಜಮಾನ ಒಬ್ಬನೇ ಎಂದು ಅಂದು ಗೊತ್ತಾಯಿತು.

ವಾಟ್ಸ್‌ಆ್ಯಪ್ ಬಿಸಿನೆಸ್ ಬಗ್ಗೆ ನನಗೆ ದೂರಿಲ್ಲ. ಕ್ಯಾಟಲಾಗ್‌ನಲ್ಲಿ ಎಣ್ಣೆ, ಹಿಂಡಿ ಎಲ್ಲದರ ಚಿತ್ರ ಮತ್ತು ದರ ಇಡಬಹುದು, ಪದೇ ಪದೇ ಬರುವ ಪ್ರಶ್ನೆಗೆ ಸಿದ್ಧ ಉತ್ತರ ಬರೆದಿಡಬಹುದು, ಹಣ ಬಂದ ಆರ್ಡರ್, ಬಾರದ ಆರ್ಡರ್ ಎಂದು ಬಣ್ಣದ ಗುರುತು ಹಾಕಬಹುದು. ನಮ್ಮ ಮಾವನವರು ಸ್ಮಾರ್ಟ್‌ಫೋನ್ ಮುಟ್ಟಿದ್ದೇ ತಡವಾಗಿ, ಆದರೂ ಹಿಂಡಿ ಕೊಳ್ಳುವ ರೈತರಿಗೆ ಧ್ವನಿ ಸಂದೇಶ ಕಳಿಸುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಹಳೆಯ ಗಿರಾಕಿಯನ್ನು ಉಳಿಸಿಕೊಳ್ಳಲು ಇದಕ್ಕಿಂತ ಒಳ್ಳೆಯದು ಬೇರೆ ಕಂಡಿಲ್ಲ. ಆದರೆ ನಮ್ಮ ನಂಬರ್ ಗೊತ್ತಿಲ್ಲದವರಿಗೆ ಅಲ್ಲಿ ನಾವು ಇಲ್ಲವೇ ಇಲ್ಲ. ಒಂದೇ ಸಂದೇಶವನ್ನು ಹಲವರಿಗೆ ಒಟ್ಟಿಗೆ ಕಳಿಸುವ ಬ್ರಾಡ್‌ಕಾಸ್ಟ್ ಪಟ್ಟಿಯೊಂದಕ್ಕೆ 256 ಜನರ ಮಿತಿ. ಅದರಲ್ಲೂ ನಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗಷ್ಟೇ ಸಂದೇಶ ಮುಟ್ಟುತ್ತದೆ.

ಗೂಗಲ್ ನಕ್ಷೆಗೆ ಬರೋಣ. ಸಣ್ಣ ಅಂಗಡಿಯವರು ಇದನ್ನು ಯಾಕೆ ಇಷ್ಟು ಅಸಡ್ಡೆ ಮಾಡುತ್ತಾರೋ ನನಗೆ ಅರ್ಥವಾಗಿಲ್ಲ. ಬೆಂಗಳೂರಿನಿಂದ ಭಾನುವಾರ ದೇವರಾಯನದುರ್ಗಕ್ಕೆ ಬರುವವರು, ಸಿದ್ಧಗಂಗಾ ಮಠಕ್ಕೆ ಬರುವ ಭಕ್ತರು, ಹೆದ್ದಾರಿಯಲ್ಲಿ ಹೋಗುತ್ತಾ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ಕಾರು ನಿಲ್ಲಿಸುವವರು, ಇವರು ಯಾರೂ ನಮ್ಮ ಪುಟವನ್ನು ಹಿಂಬಾಲಿಸುತ್ತಿರುವುದಿಲ್ಲ. ಊರಿಗೆ ಬಂದ ಮೇಲೆ ಮೊಬೈಲ್ ತೆಗೆದು "ಹತ್ತಿರದ ಗಾಣದ ಎಣ್ಣೆ" ಎಂದು ಹುಡುಕುತ್ತಾರೆ. ಹುಡುಕುವವನ ಕೈಯಲ್ಲಿ ಆಗಲೇ ದುಡ್ಡು ಇರುತ್ತದೆ, ವಿಡಿಯೊ ನೋಡುವವನ ಕೈಯಲ್ಲಿ ಬಿಡುವು ಮಾತ್ರ.

ನಕ್ಷೆಯಲ್ಲಿ ಅಂಗಡಿ ಸೇರಿಸುವುದು ಉಚಿತ. ತ್ರಾಸ ಇರುವುದು ದೃಢೀಕರಣದಲ್ಲಿ. ಹಿಂದೆ ಅಂಚೆಯಲ್ಲಿ ಪಿನ್ ಸಂಖ್ಯೆಯ ಕಾರ್ಡ್ ಬರುತ್ತಿತ್ತು, ಈಗ ಬಹಳಷ್ಟು ಅಂಗಡಿಗಳಿಗೆ ವಿಡಿಯೊ ಕೇಳುತ್ತಾರೆ. ನಡುವೆ ಎಲ್ಲೂ ಕತ್ತರಿಸದ ಒಂದೇ ವಿಡಿಯೊ ಆಗಬೇಕು: ಬೀದಿಯ ಗುರುತು, ಅಂಗಡಿಯ ಫಲಕ, ಒಳಗಿನ ಯಂತ್ರ, ಇದರ ಯಜಮಾನರು ನಾವೇ ಎಂಬುದಕ್ಕೆ ಸಾಕ್ಷಿ. ನಾನು ಎದುರಿನ ರಸ್ತೆಯಿಂದ ಶುರುಮಾಡಿ, ಫಲಕ ತೋರಿಸಿ, ಷಟರ್‌ನ ಬೀಗವನ್ನು ನನ್ನ ಕೈಯಿಂದಲೇ ತೆಗೆದು, ಒಳಗೆ ಹೋಗಿ ಗಾಣದ ಮೋಟರ್ ಚಾಲೂ ಮಾಡಿದೆ. ಪಕ್ಕದ ಬೇಕರಿಯವರು "ಸಿನಿಮಾ ತೆಗೆಯುತ್ತಿದ್ದೀರಾ?" ಎಂದು ಕೇಳಿದ್ದೂ ಅದರಲ್ಲಿ ದಾಖಲಾಯಿತು. ಪರವಾಗಿಲ್ಲ, ಒಪ್ಪಿಗೆ ಸಿಕ್ಕಿತು.

ಆಮೇಲೆ ಮಾಡಬೇಕಾದ ಕೆಲಸಗಳು ಚಿಕ್ಕವು, ಆದರೆ ಬಿಡುವಂತಿಲ್ಲ. ರಸ್ತೆಯಿಂದ ಅಂಗಡಿ ಹೇಗೆ ಕಾಣುತ್ತದೆ ಎಂಬ ಚಿತ್ರ ಹಾಕಬೇಕು. ನಮ್ಮದು ಓಣಿಯ ಒಳಗಿರುವುದರಿಂದ ಓಣಿಯ ಬಾಯಿಯ ಚಿತ್ರವೇ ಹೆಚ್ಚು ಜನರನ್ನು ಕರೆತಂದಿದೆ ಎಂಬುದು ನನ್ನ ನಂಬಿಕೆ. ಹಬ್ಬದ ದಿನಗಳ ಸಮಯ ಮುಂಚೆಯೇ ತಿದ್ದಬೇಕು. ವಿಮರ್ಶೆ ಬರೆದವರಿಗೆ ಉತ್ತರ ಬರೆಯಬೇಕು, ಬೈದವರಿಗಂತೂ ತಪ್ಪದೆ. ಒಂದು ಎಚ್ಚರಿಕೆ: ನಕ್ಷೆಯಲ್ಲಿ ಯಾರು ಬೇಕಾದರೂ ತಿದ್ದುಪಡಿ ಸೂಚಿಸಬಹುದು, "ಶಾಶ್ವತವಾಗಿ ಮುಚ್ಚಿದೆ" ಎಂದು ಕೂಡ. ವಾರಕ್ಕೊಮ್ಮೆ ನಮ್ಮ ಅಂಗಡಿಯನ್ನು ನಾವೇ ಹುಡುಕಿ ನೋಡುವುದು ಕ್ಷೇಮ.

ಇಷ್ಟೆಲ್ಲ ಇದ್ದರೂ ನಕ್ಷೆ ಕೂಡ ನಮ್ಮದಲ್ಲ. ಗೂಗಲ್ ಇದೇ ಖಾತೆಯ ಜೊತೆಗೆ ಉಚಿತವಾಗಿ ಒಂದು ಪುಟ್ಟ ವೆಬ್‌ಸೈಟ್ ಕೊಡುತ್ತಿತ್ತು. ಅದನ್ನೇ ನೆಚ್ಚಿ ವಿಳಾಸವನ್ನು ವಿಸಿಟಿಂಗ್ ಕಾರ್ಡಿನಲ್ಲಿ ಅಚ್ಚು ಹಾಕಿಸಿದವರಿದ್ದರು. 2024ರ ಮಾರ್ಚ್‌ನಲ್ಲಿ ಆ ಸೇವೆಯೇ ನಿಂತಿತು.

ಆನ್‌ಲೈನ್ ಮಾರುಕಟ್ಟೆಯನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ನಾವೂ ಅದನ್ನು ಬೇಗ ಮುಗಿಸಿದೆವು. ಹೆಸರು ಬೇಡ. ಕಮಿಷನ್, ಸಾಗಣೆ, ಅದರ ಮೇಲೆ ಇನ್ನೊಂದು ಶುಲ್ಕ ಎಲ್ಲ ಕಳೆದರೆ ಲೀಟರಿಗೆ ಉಳಿಯುವುದು ಹಿಂಡಿಯ ದುಡ್ಡಷ್ಟೂ ಅಲ್ಲ. ಬಾಟಲಿಯ ಮುಚ್ಚಳ ಸಡಿಲವಾಗಿ ಸೋರಿದರೆ ನಷ್ಟ ನಮ್ಮದೇ. ಎಲ್ಲಕ್ಕಿಂತ ಹೆಚ್ಚಾಗಿ, ಕೊಂಡವರ ಫೋನ್ ನಂಬರ್ ನಮಗೆ ಸಿಗುವುದಿಲ್ಲ, ಆ ಗಿರಾಕಿ ಕೊನೆಯವರೆಗೂ ಮಾರುಕಟ್ಟೆಯ ಗಿರಾಕಿಯೇ. ರಾಜ್ಯದ ಒಳಗಷ್ಟೇ ಮಾರುವ ಸಣ್ಣ ವ್ಯಾಪಾರಿಗೆ 2023ರ ಅಕ್ಟೋಬರ್ 1ರಿಂದ ಇಂಥ ಮಾರುಕಟ್ಟೆಗಳಲ್ಲಿ ಜಿಎಸ್‌ಟಿ ನೋಂದಣಿಯ ಕಡ್ಡಾಯ ಸಡಿಲವಾಗಿದೆ. ಹೊರರಾಜ್ಯಕ್ಕೆ ಎಣ್ಣೆ ಕಳಿಸುವುದಾದರೆ ನೋಂದಣಿ ಬೇಕೇ ಬೇಕು, ಸ್ವಂತ ವೆಬ್‌ಸೈಟ್‌ನಿಂದ ಕಳಿಸಿದರೂ ಅದೇ ನಿಯಮ.

ಈಗ ವೆಬ್‌ಸೈಟ್. ಮೊದಲ ಕೆಲವು ತಿಂಗಳು ಅತ್ತ ಕಾಗೆಯೂ ಸುಳಿಯಲಿಲ್ಲ ಎಂಬುದು ನಿಜ. ಮನೆಯವರು ಪ್ರತಿ ಊಟಕ್ಕೂ ಇದನ್ನು ನೆನಪಿಸುತ್ತಿದ್ದರು. ತಿರುವು ಬಂದದ್ದು ಚಳಿಗಾಲದಲ್ಲಿ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ಡಿಸೆಂಬರ್ ಬೆಳಗಿನ ತುಮಕೂರು ಅದಕ್ಕಿಂತ ಎಷ್ಟೋ ತಣ್ಣಗಿರುತ್ತದೆ. ಪ್ರತಿ ವರ್ಷ ಆ ತಿಂಗಳಲ್ಲಿ ಫೋನ್ ಶುರುವಾಗುತ್ತದೆ: "ಮೇಡಂ, ಎಣ್ಣೆ ಗಟ್ಟಿಯಾಗಿದೆ, ಮೇಣ ಬೆರೆಸಿದ್ದೀರಾ?" ಒಬ್ಬರಿಗೆ ವಾಟ್ಸ್‌ಆ್ಯಪ್‌ನಲ್ಲಿ ಬರೆದ ಉತ್ತರ ಇನ್ನೊಬ್ಬರಿಗೆ ಸಿಗುವುದಿಲ್ಲ, ಪೋಸ್ಟ್ ಹಾಕಿದರೆ ಎರಡು ದಿನಕ್ಕೆ ಕೆಳಗೆ ಸರಿದುಹೋಗುತ್ತದೆ. ಗಟ್ಟಿಯಾಗುವುದು ಏಕೆ, ಬಾಟಲಿಯನ್ನು ಬೆಚ್ಚಗಿನ ನೀರಿನಲ್ಲಿ ಇಟ್ಟರೆ ಸಾಕು, ಒಲೆಯ ಮೇಲೆ ಇಡಬೇಡಿ ಎಂದು ಒಂದು ಪುಟ ಬರೆದು, ಗಟ್ಟಿ ಎಣ್ಣೆ ಮತ್ತು ಕರಗಿದ ಎಣ್ಣೆಯ ಚಿತ್ರವನ್ನು ಅಕ್ಕಪಕ್ಕ ಇಟ್ಟು ಸೈಟಿನಲ್ಲಿ ಹಾಕಿದೆ. ಅದನ್ನು ಹುಡುಕಿ ಬಂದವರಲ್ಲಿ ನಮ್ಮಲ್ಲಿ ಎಂದೂ ಕೊಳ್ಳದವರೇ ಹೆಚ್ಚು. ಬೇರೆ ಕಡೆ ಕೊಂಡ ಎಣ್ಣೆ ಗಟ್ಟಿಯಾಯಿತೆಂದು ಗಾಬರಿಯಾಗಿ ಹುಡುಕಿದವರು ನಮ್ಮ ಪುಟ ಓದಿ, ಮುಂದಿನ ಸಲ ನಮ್ಮನ್ನು ಕೇಳಿದರು.

ಮತ್ತೆರಡು ಪುಟಗಳೂ ಹೀಗೆಯೇ ದುಡಿಯುತ್ತಿವೆ. ಒಂದು, ಲೀಟರ್ ಮತ್ತು ಕೆಜಿಯ ಗೊಂದಲ: ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಹಾಗಾಗಿ ಒಬ್ಬರ ಲೀಟರ್ ದರವನ್ನು ಇನ್ನೊಬ್ಬರ ಕೆಜಿ ದರದ ಪಕ್ಕ ಇಟ್ಟು ಹೋಲಿಸಬಾರದು. ಇನ್ನೊಂದು, ಗಾಣದ ಎಣ್ಣೆಗೆ ಇಷ್ಟೇಕೆ ಬೆಲೆ ಎಂಬುದು: ಒಂದು ಲೀಟರ್ ಕಡಲೆಕಾಯಿ ಎಣ್ಣೆಗೆ ಎರಡೂವರೆ ಕೆಜಿಯ ಆಸುಪಾಸು ಬೀಜ ಬೇಕು. ಅಂದಿನ ಬೀಜದ ದರದಿಂದ ಗುಣಿಸಿ, ಹಿಂಡಿಯ ದುಡ್ಡು ಕಳೆದು, ಕೂಲಿ, ಕರೆಂಟು ಸೇರಿಸಿದರೆ ಗಿರಾಕಿಯೇ ಲೆಕ್ಕ ಹಾಕಬಲ್ಲ. ಚೌಕಾಸಿ ಅರ್ಧಕ್ಕರ್ಧ ಇಳಿಯಿತು. ದರಪಟ್ಟಿ ಒಂದೇ ಕಡೆ ಇರುವುದರಿಂದ ತಿದ್ದುವುದೂ ಸುಲಭ, ತಿದ್ದಿದ ದಿನಾಂಕವೂ ಮೇಲೆ ಇರುತ್ತದೆ.

ಕನ್ನಡದಲ್ಲಿ ಸೈಟ್ ಮಾಡಿಸುವವರು ಒಂದನ್ನು ಗಮನಿಸಬೇಕು. ಡಿಟಿಪಿ ಅಂಗಡಿಯಲ್ಲಿ ಕರಪತ್ರಕ್ಕೆಂದು ಹಳೆಯ ನುಡಿ ಫಾಂಟಿನಲ್ಲಿ ಬೆರಳಚ್ಚು ಮಾಡಿಸಿದ ಬರಹವನ್ನು ಹಾಗೆಯೇ ಸೈಟಿಗೆ ಹಾಕಿದರೆ ಅದು ಅರ್ಥವಿಲ್ಲದ ಅಕ್ಷರಗಳಾಗುತ್ತದೆ, ಎಲ್ಲ ಫೋನು, ಕಂಪ್ಯೂಟರುಗಳೂ ಓದಬಲ್ಲ ಯೂನಿಕೋಡ್‌ಗೆ ಬದಲಿಸಿಕೊಳ್ಳಬೇಕು. ಕರಪತ್ರದ ಚಿತ್ರವನ್ನೇ ಅಂಟಿಸಿದರೂ ಅದರೊಳಗಿನ ಮಾತು ಹುಡುಕಾಟಕ್ಕೆ ಸಿಗುವುದನ್ನು ನೆಚ್ಚಿಕೊಳ್ಳುವಂತಿಲ್ಲ. ಊರಿನ ಇಂಗ್ಲಿಷ್ ಕಾಗುಣಿತ 2014ರ ನವೆಂಬರ್ 1ರಂದು ಅಧಿಕೃತವಾಗಿ ಬದಲಾಯಿತು, ಆದರೆ ಜನ ಹಳೆಯದನ್ನೇ ಇನ್ನೂ ಟೈಪಿಸುತ್ತಾರೆ. ಎರಡನ್ನೂ ಪುಟದಲ್ಲಿ ಒಂದೊಂದು ಸಲವಾದರೂ ಬಳಸಿ. ಜನ ಯಾವ ಮಾತು ಹಾಕಿ ಹುಡುಕಿ ಬಂದರು ಎಂಬುದನ್ನು ಗೂಗಲ್ ಸರ್ಚ್ ಕನ್ಸೋಲ್ ಪುಕ್ಕಟೆಯಾಗಿ ತೋರಿಸುತ್ತದೆ.

ಗಿರಾಕಿ ಸೈಟಿನಲ್ಲೇ ಹಣ ಕಟ್ಟುವ ವ್ಯವಸ್ಥೆ, ಅಂದರೆ ಪೇಮೆಂಟ್ ಗೇಟ್‌ವೇ, ಹಾಕಿಸಲು ಹೊರಟರೆ ವಾಪಸಾತಿ ನಿಯಮ, ಗೋಪ್ಯತೆ ನಿಯಮ, ಸಂಪರ್ಕದ ಪುಟ ಎಲ್ಲ ಕೇಳುತ್ತಾರೆ, ಮೇಲೆ ವ್ಯವಹಾರಕ್ಕಿಷ್ಟು ಎಂದು ಶುಲ್ಕ. ನಾನು ಅದರ ಗೋಜಿಗೆ ಹೋಗಲಿಲ್ಲ. ಸೈಟಿನ ಗುಂಡಿ ಒತ್ತಿದರೆ ಆರ್ಡರ್ ಬರೆದಿರುವ ಸಂದೇಶ ನಮ್ಮ ವಾಟ್ಸ್‌ಆ್ಯಪ್‌ಗೆ ಬರುತ್ತದೆ, ದುಡ್ಡು ಯುಪಿಐನಲ್ಲಿ. ಬೆಂಗಳೂರಿನವರು ಡಬ್ಬಿಗಟ್ಟಲೆ ತರಿಸುವಾಗ ಕೆಎಸ್‌ಆರ್‌ಟಿಸಿ 2021ರಲ್ಲಿ ಶುರುಮಾಡಿದ 'ನಮ್ಮ ಕಾರ್ಗೋ' ಎಂಬ ಸರಕು ಸೇವೆಯಲ್ಲಿ ಬಸ್ಸಿಗೆ ಹಾಕುತ್ತೇವೆ. ಗಿರಾಕಿ ಬಸ್ ನಿಲ್ದಾಣದಲ್ಲಿ ಇಳಿಸಿಕೊಳ್ಳುತ್ತಾರೆ. ಆಹಾರ ಪದಾರ್ಥವಾದ್ದರಿಂದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಕೊಡುವ 14 ಅಂಕಿಯ ಸಂಖ್ಯೆಯನ್ನು ಲೇಬಲ್ಲಿನ ಹಾಗೆ ಸೈಟಿನಲ್ಲೂ ಕಾಣುವಂತೆ ಹಾಕಿದ್ದೇವೆ. ಅದನ್ನು ನೋಡಿಯೇ ಆರ್ಡರ್ ಮಾಡಿದೆವು ಎಂದವರಿದ್ದಾರೆ.

ಎಲ್ಲರಿಗೂ ಇದೇ ಕ್ರಮ ಸರಿ ಎನ್ನಲಾರೆ. ಕ್ಯಾತ್ಸಂದ್ರದ ಇಡ್ಲಿ ಹೋಟೆಲಿಗೆ ನಕ್ಷೆ ಸಾಕು, ವೆಬ್‌ಸೈಟ್ ದಂಡ. ರವಿಕೆ ಹೊಲಿಯುವ ನನ್ನ ಓರಗಿತ್ತಿಗೆ ಹೊಸ ವಿನ್ಯಾಸ ತೋರಿಸುವುದೇ ವ್ಯಾಪಾರ, ಆಕೆಗೆ ಇನ್‌ಸ್ಟಾಗ್ರಾಂ ಮೊದಲು. ಆದರೆ ಗುಬ್ಬಿ ತಾಲ್ಲೂಕಿನ ಚೇಳೂರು ಕಡೆ ಹಲಸಿನ ಸಸಿ ಮಾರುವವರಂತೆ, ಕೊಳ್ಳುವವರು ದೂರದಲ್ಲಿದ್ದು ಕೊಳ್ಳುವ ಮುಂಚೆ ಹತ್ತು ಪ್ರಶ್ನೆ ಕೇಳುವ ಕಸುಬಾದರೆ ಆ ಹತ್ತು ಉತ್ತರಗಳಿಗೆ ಸ್ವಂತ ವಿಳಾಸ ಬೇಕು.

ವಿಳಾಸ ಎಂದರೆ ಡೊಮೈನ್. ಡಾಟ್ ಇನ್ ಡೊಮೈನಿಗೆ ಸಾಮಾನ್ಯವಾಗಿ ವರ್ಷಕ್ಕೆ ಸಾವಿರ ರೂಪಾಯಿಯ ಒಳಗೇ ಆಗುತ್ತದೆ. ಸೈಟ್ ಮಾಡಿಕೊಡುವವರು "ಎಲ್ಲ ನಾವೇ ನೋಡಿಕೊಳ್ಳುತ್ತೇವೆ" ಎನ್ನುತ್ತಾರೆ, ಡೊಮೈನನ್ನು ತಮ್ಮ ಹೆಸರಿನಲ್ಲೇ ನೋಂದಾಯಿಸುತ್ತಾರೆ, ಮುಂದೆ ಜಗಳವಾದರೆ ಅದು ಅವರದೇ ಆಗುತ್ತದೆ. ನೋಂದಣಿ ನಿಮ್ಮ ಹೆಸರಿನಲ್ಲಿ, ನೀವು ದಿನಾ ತೆರೆಯುವ ಇಮೇಲಿನಲ್ಲಿ, ನಿಮ್ಮ ಮೊಬೈಲಿಗೆ ಒಟಿಪಿ ಬರುವಂತೆ ಇರಲಿ. ಮುಂಗಡ ಕೊಡುವ ಮುಂಚೆಯೇ ಇದನ್ನು ಕಾಗದದ ಮೇಲೆ ಬರೆಸಿಕೊಳ್ಳಿ.